ಅರ್ಧಕ್ಕೇ ಎದ್ದು ಹೋದವರಿಗೆ

ಓದುಗರ ಪತ್ರ

ಮಾನ್ಯ ಸಂಪಾದಕರಿಗೆ ನಮಸ್ಕಾರ. ನಮ್ಮೂರಿನ ಓದುಬಳಗದಲ್ಲಿ ತಿಂಗಳಿಗೊಂದು ಪುಸ್ತಕ ಓದಿ ಮಾತಾಡುತ್ತೇವೆ. ಈ ಸಲ ಎಮಿಲಿ ಬ್ರಾಂಟೆಯ ‘ವುದರಿಂಗ್ ಹೈಟ್ಸ್’ ತೆಗೆದುಕೊಂಡಿದ್ದೆವು. ದೊಡ್ಡ ಜಗಳವೇ ಆಯಿತು. ಇಬ್ಬರು ಹುಡುಗಿಯರು ಇಂಥ ಪ್ರೀತಿ ಎಲ್ಲೂ ಓದಿಲ್ಲ ಎಂದು ಕಣ್ಣೀರು ಹಾಕಿದರು. ಉಳಿದವರೆಲ್ಲ ಬೈದರು. ನಿವೃತ್ತ ಮೇಷ್ಟ್ರೊಬ್ಬರು ‘ನಾಯಿಯನ್ನು ನೇಣಿಗೆ ಹಾಕುವವನು ನಾಯಕನಾ? ನಮಗೂ ಇದಕ್ಕೂ ಏನು ಸಂಬಂಧ?’ ಎಂದು ಪುಸ್ತಕ ಮಡಚಿಟ್ಟರು. ನನಗೂ ಅದರಲ್ಲಿ ಒಬ್ಬ ಒಳ್ಳೆಯ ಮನುಷ್ಯ ಸಿಗಲಿಲ್ಲ. ನಿಜ ಹೇಳಬೇಕೆಂದರೆ, ಕ್ಯಾಥರಿನ್ ಸತ್ತ ಮೇಲೆ ನಮ್ಮಲ್ಲಿ ಹೆಚ್ಚಿನವರು ಮುಂದೆ ಓದಲೇ ಇಲ್ಲ. ನಾಯಕಿಯೇ ಹೋದ ಮೇಲೆ ಇನ್ನೇನಿರುತ್ತದೆ? ಯಾರು ಸರಿ, ನೀವೇ ಹೇಳಿ. ಮತ್ತೆ ಓದುವುದಾದರೆ ಯಾವ ಪ್ರತಿ ಕೊಳ್ಳಬೇಕು ಅಂತಲೂ ತಿಳಿಸಿ. ನನ್ನ ಹೆಸರು ಹಾಕಬೇಡಿ.
— ಓದುಗರು, ಹಾಸನ ಜಿಲ್ಲೆ

ಸಂಪಾದಕರ ಉತ್ತರ

ನಿಮ್ಮ ಪತ್ರ ಓದಿ ತುಂಬ ಸಂತೋಷವಾಯಿತು. ಒಂದು ಕಾದಂಬರಿಗೋಸ್ಕರ ಊರಿನ ಜನ ಕೂತು ಜಗಳ ಆಡಿದ್ದಾರೆ ಎನ್ನುವುದೇ ನನಗೆ ಹಬ್ಬದ ಸುದ್ದಿ. ಅದಕ್ಕೇ ಈ ವಾರ ಬೇರೆ ಪತ್ರಗಳನ್ನು ಬದಿಗಿಟ್ಟು ನಿಮ್ಮೊಂದಕ್ಕೇ ಉತ್ತರ ಬರೆಯುತ್ತಿದ್ದೇನೆ. ಹೆಸರು ಹಾಕಿಲ್ಲ. ಆದರೆ ಕೊನೆಯಲ್ಲಿ ಒಂದು ಮಾತು ಬರೆದಿದ್ದೀರಲ್ಲ, ನಾಯಕಿ ಹೋದ ಮೇಲೆ ಓದಲಿಲ್ಲ ಅಂತ, ಅದಕ್ಕೆ ಸ್ವಲ್ಪ ಬೈಸಿಕೊಳ್ಳಬೇಕಾಗುತ್ತದೆ.

ಮೊದಲು ಮೇಷ್ಟ್ರ ಪಕ್ಷ. ಪುಸ್ತಕ ಕ್ರೂರವಾಗಿದೆ ಎಂದವರು ಸುಳ್ಳು ಹೇಳಿಲ್ಲ. ಹೊಡೆತ, ಬಡಿತ, ಕುಡಿತ, ಹೆಂಗಸರನ್ನು ಕೂಡಿಹಾಕುವುದು ಎಲ್ಲ ಇದೆ. ಓದುವಾಗ ಮೈ ಉರಿಯುತ್ತದೆ. ಒಪ್ಪಿದೆ. 1847ರ ಡಿಸೆಂಬರಿನಲ್ಲಿ ಪುಸ್ತಕ ಹೊರಬಂದಾಗಲೂ ಜನ ಇದನ್ನೇ ಹೇಳಿದ್ದರು. ಅಮೆರಿಕದ ಒಂದು ಪತ್ರಿಕೆ, ಇದನ್ನು ಬರೆದವನು ಹತ್ತು ಹನ್ನೆರಡು ಅಧ್ಯಾಯ ದಾಟುವ ಮೊದಲೇ ಪ್ರಾಣ ಕಳೆದುಕೊಳ್ಳದೆ ಹೇಗೆ ಉಳಿದನೋ ಎಂದು ಬರೆಯಿತು. ಕವಿ, ಚಿತ್ರಕಾರ ರೊಸೆಟ್ಟಿ 1854ರಲ್ಲಿ ಗೆಳೆಯನಿಗೆ ಬರೆದ ಕಾಗದದಲ್ಲಿ, ಕಥೆ ನಡೆಯುವುದು ನರಕದಲ್ಲಿ, ಊರು ಮತ್ತು ಜನರ ಹೆಸರು ಮಾತ್ರ ಇಂಗ್ಲಿಷಿನವು ಎಂದ. ಆತ ಪುಸ್ತಕವನ್ನು ಮೆಚ್ಚಿಕೊಂಡೇ ಹೀಗೆ ಹೇಳಿದ್ದು. ಸ್ವಂತ ಅಕ್ಕ ಷಾರ್ಲೆಟ್ ಕೂಡ 1850ರ ಮುನ್ನುಡಿಯಲ್ಲಿ ಕಥಾನಾಯಕ ಹೀತ್‌ಕ್ಲಿಫ್‌ನಂಥವನನ್ನು ಸೃಷ್ಟಿಸುವುದು ಸರಿಯೋ ಅಲ್ಲವೋ ತಿಳಿಯದು, ಬಹುಶಃ ಸರಿಯಲ್ಲ ಎಂದು ಬರೆದಳು. ಅಷ್ಟು ಹೊತ್ತಿಗೆ ಉತ್ತರ ಕೊಡಲು ಎಮಿಲಿ ಇರಲಿಲ್ಲ. 1848ರ ಡಿಸೆಂಬರಿನಲ್ಲಿ, 30ರ ವಯಸ್ಸಿನಲ್ಲಿ, ಕ್ಷಯದಿಂದ ತೀರಿಕೊಂಡಿದ್ದಳು. ಅವಳ ಮೇಜಿನೊಳಗೆ ಪುಸ್ತಕದ ಐದು ವಿಮರ್ಶೆಗಳ ಕತ್ತರಿಸಿದ ಹಾಳೆಗಳು ಸಿಕ್ಕವು. ಅವನ್ನು ಯಾವ ಮನಸ್ಸಿನಿಂದ ಇಟ್ಟುಕೊಂಡಿದ್ದಳೋ, ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಅಷ್ಟೊಂದು ಸಾವು ಯಾಕೆ ಎಂದು ಕೇಳುವವರು ಎಮಿಲಿ ಬೆಳೆದ, ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯ ಹಾವರ್ತ್ ಊರನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಅವಳ ತಂದೆ ಅಲ್ಲಿ ಪಾದ್ರಿ. ಮನೆಗೆ ತಾಗಿಕೊಂಡೇ ಸ್ಮಶಾನ. 1850ರಲ್ಲಿ ಬ್ಯಾಬೇಜ್ ಎಂಬ ಸರ್ಕಾರಿ ಅಧಿಕಾರಿ ಆ ಊರಿನ ನೀರು, ಚರಂಡಿ, ಸಾವುಗಳನ್ನು ಪರೀಕ್ಷೆ ಮಾಡಿ ವರದಿ ಕೊಟ್ಟ. ಸತ್ತವರ ಸರಾಸರಿ ವಯಸ್ಸು 25.8 ವರ್ಷ. ಹುಟ್ಟಿದ ಮಕ್ಕಳಲ್ಲಿ 100ಕ್ಕೆ 41ಕ್ಕಿಂತ ಹೆಚ್ಚು ಆರು ವರ್ಷ ತುಂಬುವ ಮೊದಲೇ ಮಣ್ಣಾಗುತ್ತಿದ್ದವು. ಎಮಿಲಿಗೆ ಮೂರು ವರ್ಷವಿದ್ದಾಗ ತಾಯಿ ಹೋದಳು. 1825ರಲ್ಲಿ ಇಬ್ಬರು ಅಕ್ಕಂದಿರು ಒಬ್ಬರ ಹಿಂದೆ ಒಬ್ಬರು ಹೋದರು. ಅಂಥ ಮನೆಯ ಹುಡುಗಿ ಸಾವನ್ನು ಅಲಂಕಾರಕ್ಕೆ ತಂದಿದ್ದಾಳೆ ಅಂತ ಯಾರೂ ಹೇಳಬೇಡಿ. ಇದನ್ನು ಗಾಥಿಕ್ ಕಾದಂಬರಿ ಎಂದು ಕರೆದು, ದೆವ್ವ, ಬಿರುಗಾಳಿ, ಕತ್ತಲ ಮನೆ ಎಂದು ಪಟ್ಟಿ ಮಾಡಿ ಮುಗಿಸುತ್ತಾರೆ. ಆ ಕತ್ತಲೆ ಅವಳ ಕಿಟಕಿಯಾಚೆಯೇ ಇತ್ತು.

ಇನ್ನು ಕಣ್ಣೀರು ಹಾಕಿದ ಆ ಇಬ್ಬರು ಹುಡುಗಿಯರಿಗೆ. ನಿಮ್ಮ ಮನಸ್ಸು ದೊಡ್ಡದು. ಆದರೆ ದಯವಿಟ್ಟು 14ನೇ ಅಧ್ಯಾಯ ಇನ್ನೊಂದು ಸಲ ಓದಿ. ಹೀತ್‌ಕ್ಲಿಫ್‌ನನ್ನು ಮದುವೆಯಾಗಿ ಪಾಡು ಪಡುತ್ತಿರುವ ಇಸಬೆಲ್ಲಾಳ ಬಗ್ಗೆ ಅವನೇ ಏನು ಹೇಳುತ್ತಾನೆ ನೋಡಿ. ಇವಳು ನನ್ನಲ್ಲಿ ಪ್ರೇಮಕಥೆಯ ನಾಯಕನನ್ನು ಕಂಡುಕೊಂಡು ಬಂದಳು, ಓಡಿಬಂದ ದಿನವೇ ಇವಳ ನಾಯಿಗೆ ಕುಣಿಕೆ ಹಾಕಿದೆ, ಆಗಲೂ ಇವಳಿಗೆ ಬುದ್ಧಿ ಬರಲಿಲ್ಲ ಅನ್ನುತ್ತಾನೆ. ಮೇಷ್ಟ್ರು ಹೇಳಿದ ನಾಯಿ ಅದೇ. (ಅದು ಸಾಯಲಿಲ್ಲ, ಈ ಕಥೆ ಹೇಳುವ ಮನೆಗೆಲಸದ ನೆಲ್ಲಿ ಬಿಡಿಸಿದಳು. ಮೇಷ್ಟ್ರಿಗೆ ತಿಳಿಸಿ, ಸಮಾಧಾನವಾಗಲಿ.) ಅವನನ್ನು ಪ್ರೇಮಿಗಳ ಸಾಲಿಗೆ ಸೇರಿಸುವ ಓದುಗರನ್ನು ಎಮಿಲಿ ಪುಸ್ತಕದ ಒಳಗೇ ಕೈಹಿಡಿದು ನಿಲ್ಲಿಸಿದ್ದಾಳೆ. ಇಷ್ಟಾದರೂ ಪುಸ್ತಕದ ಬೆನ್ನಿಗೆ ‘ಜಗತ್ತಿನ ಅಮರ ಪ್ರೇಮಕಥೆ’ ಎಂದು ಅಚ್ಚು ಹಾಕುತ್ತಾರಲ್ಲ, ಅಂಥ ಪ್ರಕಾಶಕರ ಮೇಲೆ ನನಗೆ ಬಹಳ ಸಿಟ್ಟಿದೆ. ಪ್ರೇಮಕಥೆ ಅಂತ ತೆರೆದವರು ಮೋಸ ಹೋದೆವು ಎಂದು ಬೈಯುತ್ತಾರೆ. ಹಾಗೆ ಅಂಟಿಸಿದ ಹೆಸರಿನ ತಪ್ಪನ್ನು ಬರೆದವಳ ತಲೆಗೆ ಕಟ್ಟುತ್ತಾರೆ.

ಹಾಗಾದರೆ ಇದು ಯಾವುದರ ಕಥೆ? ನಾನು ತಿಳಿದಂತೆ, ಒಂದು ಮಗುವನ್ನು ಅವಮಾನ ಮಾಡಿದರೆ ಏನಾಗುತ್ತದೆ ಎನ್ನುವುದರ ಕಥೆ. ನಾಲ್ಕನೇ ಅಧ್ಯಾಯದಲ್ಲಿ ಮನೆಯ ಯಜಮಾನ ಲಿವರ್‌ಪೂಲ್‌ಗೆ ನಡೆದುಕೊಂಡು ಹೊರಡುತ್ತಾನೆ. ಹೋಗಲು 60 ಮೈಲಿ, ಬರಲು 60 ಮೈಲಿ. ಮಗ ಹಿಂಡ್ಲಿ ಪಿಟೀಲು ಕೇಳಿರುತ್ತಾನೆ, ಮಗಳು ಕ್ಯಾಥರಿನ್ ಕುದುರೆಯ ಚಾವಟಿ. ಅಪ್ಪ ತರುವುದು ಬೀದಿಯಲ್ಲಿ ಸಿಕ್ಕ ಒಂದು ಕಪ್ಪು ಮಗುವನ್ನು. ಕೋಟಿನೊಳಗೆ ಪಿಟೀಲು ಪುಡಿಯಾಗಿರುತ್ತದೆ, ಚಾವಟಿ ದಾರಿಯಲ್ಲಿ ಕಳೆದಿರುತ್ತದೆ. ಹುಡುಗಿ ಆ ಮಗುವಿನ ಮೇಲೆ ಉಗುಳುತ್ತಾಳೆ. ಇಡೀ ಕಾದಂಬರಿಯ ಬೀಜ ಅಲ್ಲಿದೆ. ಮನೆಯಲ್ಲಿ ಸತ್ತುಹೋಗಿದ್ದ ಒಬ್ಬ ಮಗನ ಹೆಸರನ್ನೇ, ಹೀತ್‌ಕ್ಲಿಫ್ ಅಂತ, ಅವನಿಗೆ ಇಡುತ್ತಾರೆ. ಆದರೆ ಮನೆತನದ ಹೆಸರು ಕೊಡುವುದಿಲ್ಲ. ಯಜಮಾನ ತೀರಿಕೊಂಡ ಮೇಲೆ ಹಿಂಡ್ಲಿ ಅವನ ಪಾಠ ನಿಲ್ಲಿಸಿ, ಹೊಲದ ಆಳು ಮಾಡಿ, ಹೊಡೆಯುತ್ತಾನೆ.

ನಮಗೂ ಇದಕ್ಕೂ ಏನು ಸಂಬಂಧ ಎಂದರಲ್ಲ ಮೇಷ್ಟ್ರು. ಆರನೇ ಅಧ್ಯಾಯದಲ್ಲಿ ನೆರೆಮನೆಯ ಸಾಹುಕಾರ ಲಿಂಟನ್ ಈ ಹುಡುಗನ ಮುಖ ನೋಡಿ, ಇವನು ಲಾಸ್ಕರ್ ಇರಬೇಕು ಎನ್ನುತ್ತಾನೆ. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ದುಡಿಯುತ್ತಿದ್ದ ನಮ್ಮ ಕಡೆಯ ನಾವಿಕರನ್ನು ಹಾಗೆ ಕರೆಯುತ್ತಿದ್ದರು. ಮುಂದೆ ನೆಲ್ಲಿ ಅವನಿಗೆ ಸಮಾಧಾನ ಹೇಳುತ್ತಾ, ನಿನ್ನ ಅಪ್ಪ ಚೀನಾದ ಚಕ್ರವರ್ತಿ, ನಿನ್ನ ಅಮ್ಮ ಭಾರತದ ರಾಣಿ ಆಗಿದ್ದರೂ ಆಗಿರಬಹುದು ಎನ್ನುತ್ತಾಳೆ. ಅವನು ಎಲ್ಲಿಯವನೆಂದು ಎಮಿಲಿ ಎಲ್ಲೂ ಹೇಳುವುದಿಲ್ಲ. ಬಣ್ಣ ನೋಡಿ ಮನುಷ್ಯನನ್ನು ಪಂಕ್ತಿಯಿಂದ ಎಬ್ಬಿಸುವುದು ಯಾರ್ಕ್‌ಶೈರಿನವರಿಗೆ ಮಾತ್ರ ಗೊತ್ತಿದ್ದ ವಿದ್ಯೆಯೇ? ನಾವೇ ಉತ್ತರ ಹೇಳಿಕೊಳ್ಳೋಣ.

ಈಗ ಬೈಗುಳದ ಸರದಿ. ಒಂಬತ್ತನೇ ಅಧ್ಯಾಯ ನೆನಪಿದೆ ಅಲ್ವಾ? ನೆರೆಮನೆಯ ಲಿಂಟನ್‌ನ ಮಗ ಎಡ್ಗರ್‌ನನ್ನು ಮದುವೆಯಾಗಲು ಒಪ್ಪಿದ ಕ್ಯಾಥರಿನ್ ನೆಲ್ಲಿಯ ಹತ್ತಿರ ಮನಸ್ಸು ಬಿಚ್ಚುತ್ತಾಳೆ. ಹೀತ್‌ಕ್ಲಿಫ್ ಕತ್ತಲಲ್ಲಿ ಬೆಂಚಿನ ಮೇಲೆ ಕೂತು ಕೇಳುತ್ತಿರುತ್ತಾನೆ. ಹೀತ್‌ಕ್ಲಿಫ್‌ನನ್ನು ಮದುವೆಯಾದರೆ ನನ್ನ ಮಾನ ಹೋಗುತ್ತದೆ ಅನ್ನುವ ಮಾತು ಕಿವಿಗೆ ಬೀಳುತ್ತದೆ. ಎದ್ದು ಹೋಗಿಬಿಡುತ್ತಾನೆ. ಅದರ ಹಿಂದೆಯೇ ಅವಳು, ನಾನೇ ಹೀತ್‌ಕ್ಲಿಫ್ ಅನ್ನುತ್ತಾಳೆ. ಅದನ್ನು ಕೇಳಲು ಅವನಿಲ್ಲ. ಅವನು ಎದ್ದದ್ದನ್ನು ನೆಲ್ಲಿ ಕಂಡಿದ್ದಾಳೆ, ಆ ಕ್ಷಣಕ್ಕೆ ಬಾಯಿ ಬಿಡುವುದಿಲ್ಲ. (1958ರಲ್ಲಿ ಜೇಮ್ಸ್ ಹ್ಯಾಫ್ಲಿ ಎಂಬ ವಿಮರ್ಶಕ, ಈ ಕಾದಂಬರಿಯ ನಿಜವಾದ ಖಳ ನೆಲ್ಲಿಯೇ ಎಂದು ವಾದ ಮಾಡಿದ್ದ. ನಾನು ಅಷ್ಟು ದೂರ ಹೋಗುವುದಿಲ್ಲ, ಆದರೆ ಅವಳ ಮಾತನ್ನು ಕಣ್ಣುಮುಚ್ಚಿ ನಂಬುವುದೂ ಇಲ್ಲ.) ಅರ್ಧ ಕೇಳಿ ಎದ್ದು ಹೋದವನಿಂದ ಎರಡು ಮನೆ ಹಾಳಾದವು. ನೀವು ಮಾಡಿದ್ದೂ ಅದನ್ನೇ. ಪುಸ್ತಕದಲ್ಲಿ 34 ಅಧ್ಯಾಯ. ಕ್ಯಾಥರಿನ್ ಸಾಯುವುದು 16ರಲ್ಲಿ. ಎಮಿಲಿ ಹೇಳಬೇಕೆಂದಿದ್ದ ಮುಖ್ಯ ಮಾತು ಇನ್ನೂ ಬಾಯಿಂದ ಹೊರಬಿದ್ದಿಲ್ಲ, ಅಷ್ಟರಲ್ಲಿ ಕಣ್ಣೀರು ಹಾಕಿದವರೂ ಎದ್ದರು, ಬೈದವರೂ ಎದ್ದರು.

ಆ ಮಾತು ಶುರುವಾಗುವುದು 17ನೇ ಅಧ್ಯಾಯದಲ್ಲಿ. ಹಿಂಡ್ಲಿ ಕುಡಿದು ಸಾಯುತ್ತಾನೆ. ಅವನ ಆರು ವರ್ಷದ ಮಗ ಹೇರ್‌ಟನ್. ಹೀತ್‌ಕ್ಲಿಫ್ ಆ ಮಗುವನ್ನು ಮೇಜಿನ ಮೇಲೆ ಎತ್ತಿ ಕೂರಿಸಿ ಹೇಳುತ್ತಾನೆ: ಈಗ ನೀನು ನನ್ನವನು, ಅದೇ ಗಾಳಿ ತಿರುಚಿದರೆ ಈ ಮರವೂ ಅಷ್ಟೇ ಸೊಟ್ಟ ಬೆಳೆಯುವುದಿಲ್ಲವೇ ನೋಡೋಣ. ಇಡೀ ಪುಸ್ತಕದ ಪ್ರಶ್ನೆ ಇದು. ನನಗೆ ಮಾಡಿದ್ದನ್ನೇ ಇನ್ನೊಬ್ಬರ ಮಗನಿಗೆ ಮಾಡುತ್ತೇನೆ, ಅವನೂ ನನ್ನ ಹಾಗೇ ಆಗುತ್ತಾನಾ? ಆ ಮಗು ಆಗಲೇ ಅದೇ ದಾರಿ ಹಿಡಿದಿದೆ. ಅದೇ ಅಧ್ಯಾಯದಲ್ಲಿ, ಇಸಬೆಲ್ಲಾ ಮನೆ ಬಿಟ್ಟು ಓಡುವಾಗ, ಅವನು ಕುರ್ಚಿಯ ಬೆನ್ನಿಗೆ ನಾಯಿಮರಿಗಳನ್ನು ನೇತುಹಾಕುತ್ತಿರುತ್ತಾನೆ. ಮೇಷ್ಟ್ರು ಒಂದು ನಾಯಿಗೆ ಸಿಟ್ಟಾದರು. ಎಮಿಲಿ ಎರಡನೇ ಸಲ ಯಾಕೆ ಅದನ್ನೇ ತೋರಿಸಿದಳು ಎಂದು ಯೋಚಿಸಬೇಕಿತ್ತು. ಕ್ರೌರ್ಯ ಒಂದು ಕೈಯಿಂದ ಇನ್ನೊಂದು ಕೈಗೆ ಹೇಗೆ ದಾಟುತ್ತದೆ ಅಂತ ಅವಳು ಅಷ್ಟು ಚೆನ್ನಾಗಿ ಕಂಡಿದ್ದಳು.

ಹೀತ್‌ಕ್ಲಿಫ್ ಆ ಹುಡುಗನಿಗೆ ಅಕ್ಷರ ಕಲಿಸುವುದಿಲ್ಲ. ನನಗೆ ಅತ್ಯಂತ ನೋವು ಕೊಡುವ ಸಂಗತಿ ಇದು. ಮನೆಯ ಬಾಗಿಲ ಮೇಲೆ ಕಲ್ಲಿನಲ್ಲಿ 1500 ಎಂಬ ಇಸವಿ ಇದೆ, ಜೊತೆಗೆ ‘ಹೇರ್‌ಟನ್ ಅರ್ನ್‌ಷಾ’ ಎಂಬ ಹೆಸರಿದೆ. ಅವನದೇ ಹೆಸರು, ಅವನ ಪೂರ್ವಜನದು. ಬಾಗಿಲು ದಾಟಿ ದಿನಾ ಓಡಾಡುವ ಅವನಿಗೆ ಅದನ್ನು ಓದಲು ಬರುವುದಿಲ್ಲ. ಆಮೇಲೆ ಹೇಗೋ ಕಷ್ಟಪಟ್ಟು ಆ ಹೆಸರನ್ನು ಕೂಡಿಸಿ ಓದಲು ಕಲಿಯುತ್ತಾನೆ. ಕ್ಯಾಥರಿನ್‌ಳ ಮಗಳು, ಅವಳ ಹೆಸರೂ ಕ್ಯಾಥರಿನ್ನೇ, ಅವಳ ಮುಂದೆ ಹೆಮ್ಮೆಯಿಂದ ಓದಿ ತೋರಿಸುತ್ತಾನೆ. ಅವಳು ಸರಿ, ಅಂಕಿ ಓದು ಅನ್ನುತ್ತಾಳೆ. ಅಂಕಿ ಬರುವುದಿಲ್ಲ. ನಗುತ್ತಾಳೆ. ಅವನು ಗುಟ್ಟಾಗಿ ಪುಸ್ತಕ ಕೂಡಿಟ್ಟುಕೊಂಡು ಓದಲು ಒದ್ದಾಡುತ್ತಾನೆ. ಅದಕ್ಕೂ ನಗುತ್ತಾಳೆ. ಕೊನೆಗೆ ಅವನು ಅಷ್ಟನ್ನೂ ಬೆಂಕಿಗೆ ಎಸೆಯುತ್ತಾನೆ. ಆ ಬೆಂಕಿಯಲ್ಲಿ ಬೆಂದದ್ದು ಅವನ ಆಸೆ. ನಮ್ಮಲ್ಲಿ ಮೊದಲ ತಲೆಮಾರಿಗೆ ಶಾಲೆಗೆ ಹೋದವರು, ತಪ್ಪಾಗಿ ಓದಿದ್ದಕ್ಕೆ ತರಗತಿಯಲ್ಲಿ ನಗಿಸಿಕೊಂಡವರು ಯಾರಾದರೂ ಇದ್ದರೆ 31ನೇ ಅಧ್ಯಾಯ ಓದಿ ನೋಡಿ. ಒಬ್ಬ ಒಳ್ಳೆಯ ಮನುಷ್ಯ ಸಿಗಲಿಲ್ಲ ಎಂದಿರಲ್ಲ, ಅವನು ಅಲ್ಲಿ ಬೆಂಕಿಯ ಪಕ್ಕ ನಿಂತಿದ್ದಾನೆ. ನೀವು ಅಲ್ಲಿಯವರೆಗೆ ಬರಲಿಲ್ಲ.

32ನೇ ಅಧ್ಯಾಯಕ್ಕೆ ಬನ್ನಿ. ಅವಳಿಗೆ ನಾಚಿಕೆಯಾಗುತ್ತದೆ. ಒಂದು ಚೆಂದದ ಪುಸ್ತಕಕ್ಕೆ ಬಿಳಿ ಕಾಗದ ಸುತ್ತಿ, ರಿಬ್ಬನ್ ಕಟ್ಟಿ, ಮೇಲೆ ‘ಮಿಸ್ಟರ್ ಹೇರ್‌ಟನ್ ಅರ್ನ್‌ಷಾ’ ಎಂದು ಬರೆದು ನೆಲ್ಲಿಯ ಕೈಯಲ್ಲಿ ಕಳಿಸುತ್ತಾಳೆ. ತೆಗೆದುಕೊಂಡರೆ ನಾನೇ ಬಂದು ಓದಲು ಕಲಿಸುತ್ತೇನೆ, ಬೇಡವೆಂದರೆ ಇನ್ನು ಯಾವತ್ತೂ ರೇಗಿಸುವುದಿಲ್ಲ ಎಂದು ಹೇಳಿ ಕಳಿಸುತ್ತಾಳೆ. ತಿಂಗಳುಗಳ ಮೇಲೆ, ನೆಲ್ಲಿಯಿಂದ ಈ ಕಥೆ ಕೇಳಿದ ಬಾಡಿಗೆದಾರ ಲಾಕ್‌ವುಡ್ ಅಲ್ಲಿಗೆ ಬಂದಾಗ ಇಬ್ಬರೂ ಒಂದೇ ಪುಸ್ತಕದ ಮೇಲೆ ಬಗ್ಗಿ ಕೂತಿದ್ದಾರೆ. ತಪ್ಪಿದರೆ ಗದರಿಕೆ, ಸರಿಯಾದರೆ ಮುತ್ತು. ಈ ಪುಸ್ತಕದಲ್ಲಿ ಪ್ರೇಮಕಥೆ ಹುಡುಕುವವರಿಗೆ ಇದಕ್ಕಿಂತ ಜಾಸ್ತಿ ಏನು ಬೇಕು? ಅವಳಿಗೆ ಮೊದಲು ಸೋದರತ್ತೆ ಇಸಬೆಲ್ಲಾಳ ಮಗನ ಜೊತೆ ಬಲವಂತದ ಮದುವೆ, ಆಮೇಲೆ ಸೋದರಮಾವ ಹಿಂಡ್ಲಿಯ ಮಗನ ಜೊತೆ ಮನಸ್ಸಿನ ಮದುವೆ. ನಮ್ಮ ಓದುಗರಿಗೆ ಈ ನಂಟಿನ ಲೆಕ್ಕ ಸಲೀಸು. ಹೀತ್‌ಕ್ಲಿಫ್ ಇವರಿಬ್ಬರನ್ನೂ ನೋಡಿ ಕೈಚೆಲ್ಲುತ್ತಾನೆ. ಎರಡು ಮನೆ ಕೆಡವಲು ಬದುಕೆಲ್ಲ ಸವೆಸಿದವನಿಗೆ, ಈಗ ಕೆಡವಬಹುದು ಅಂದಾಗ ಕೈ ಎತ್ತಲೂ ಮನಸ್ಸಿಲ್ಲ. ಅವನು ಸತ್ತಾಗ ರಾತ್ರಿಯೆಲ್ಲ ಹೆಣದ ಪಕ್ಕ ಕೂತು ಅತ್ತವನು ಹೇರ್‌ಟನ್ ಒಬ್ಬನೇ. ಯಾರಿಗೆ ಅತಿ ಹೆಚ್ಚು ಅನ್ಯಾಯವಾಗಿತ್ತೋ ಅವನು. ಅದೇ ಗಾಳಿ ಬೀಸಿತು, ಮರ ಸೊಟ್ಟ ಬೆಳೆಯಲಿಲ್ಲ.

ಆಸ್ತಿಯ ವಿಷಯವನ್ನೂ ಒಂದಿಷ್ಟು ಹೇಳಬೇಕು. ಎಲ್ಲರೂ ಹೀತ್‌ಕ್ಲಿಫ್‌ನ ಸಿಟ್ಟಿನ ಬಗ್ಗೆ ಮಾತಾಡುತ್ತಾರೆ, ಅವನ ಕಾಗದಪತ್ರಗಳ ಬಗ್ಗೆ ಯಾರೂ ಮಾತಾಡುವುದಿಲ್ಲ. ಹಿಂಡ್ಲಿ ಇಸ್ಪೀಟಿನಲ್ಲಿ ಸೋತು ಜಮೀನು ಅಡವಿಡುತ್ತಾನೆ. ಅಡಮಾನ ಹಿಡಿದವನು ಹೀತ್‌ಕ್ಲಿಫ್. ಹೀಗೆ ಒಂದು ಮನೆ ಕೈಗೆ ಬಂತು. ಇನ್ನೊಂದಕ್ಕೆ ಸಾಯುತ್ತಿರುವ ತನ್ನ ಮಗನನ್ನೇ ಮುಂದೆ ಬಿಟ್ಟು, ಕ್ಯಾಥರಿನ್‌ಳ ಮಗಳನ್ನು ಕೂಡಿಹಾಕಿ ಮದುವೆ ಮಾಡಿಸುತ್ತಾನೆ. ಮದುವೆಯಾದ ಹೆಣ್ಣಿನ ಒಡವೆ, ಹಣ ಗಂಡನ ಪಾಲಾಗುತ್ತಿದ್ದ ಕಾಲ. ಅದನ್ನು ಬದಲಿಸುವ ಕಾಯ್ದೆಗಳು ಇಂಗ್ಲೆಂಡಿನಲ್ಲಿ ಬಂದದ್ದು 1870 ಮತ್ತು 1882ರಲ್ಲಿ. 1926ರಲ್ಲಿ ಸಿ.ಪಿ. ಸ್ಯಾಂಗರ್ ಎಂಬ ವಕೀಲರು ಈ ಕಾದಂಬರಿಯ ತಾರೀಖು, ವಂಶವೃಕ್ಷ, ವಾರಸುದಾರಿಕೆ ಎಲ್ಲವನ್ನೂ ಕೂತು ಲೆಕ್ಕ ಹಾಕಿ, ಎಮಿಲಿಗೆ ಆ ಕಾಲದ ಕಾನೂನು ಎಷ್ಟು ಚೆನ್ನಾಗಿ ಗೊತ್ತಿತ್ತು ಎಂದು ತೋರಿಸಿದರು. ಕಾಡುಪ್ರತಿಭೆ, ಏನೋ ಆವೇಶದಲ್ಲಿ ಬರೆದುಬಿಟ್ಟಳು ಎಂದು ಹೇಳುತ್ತಾ ಬಂದಿದ್ದವರಿಗೆ ಅದು ಸರಿಯಾದ ಉತ್ತರ. ಹೆಂಗಸು ಬರೆದರೆ ಆವೇಶ, ಗಂಡಸು ಬರೆದರೆ ಕುಶಲತೆ ಎನ್ನುವ ಮಾತು ಇವತ್ತಿಗೂ ನಮ್ಮ ವಿಮರ್ಶೆಯಲ್ಲಿ ಕೇಳಿಸುತ್ತದೆ. ನನಗೆ ಅದು ಸಹಿಸುವುದಿಲ್ಲ.

ಅರ್ಧಕ್ಕೇ ನಿಲ್ಲಿಸುವ ಅಭ್ಯಾಸ ನಿಮ್ಮ ಬಳಗದ್ದು ಮಾತ್ರ ಅಲ್ಲ, ಆ ತಪ್ಪಿನಲ್ಲಿ ದೊಡ್ಡವರ ಪಾಲೇ ಹೆಚ್ಚು. 1939ರ ಹಾಲಿವುಡ್ ಚಿತ್ರ, ಲಾರೆನ್ಸ್ ಒಲಿವಿಯರ್ ನಟಿಸಿದ್ದು, ಮಕ್ಕಳ ತಲೆಮಾರನ್ನು ಪೂರ್ತಿ ಕಿತ್ತುಹಾಕಿತು. 1966ರಲ್ಲಿ ದಿಲೀಪ್ ಕುಮಾರ್, ವಹೀದಾ ರೆಹಮಾನ್ ನಟಿಸಿದ ‘ದಿಲ್ ದಿಯಾ ದರ್ದ್ ಲಿಯಾ’ ಇದೇ ಕಥೆಯಿಂದ ಹುಟ್ಟಿದ್ದು. ಅದರಲ್ಲೂ ಹೇರ್‌ಟನ್ ಇಲ್ಲ. ಹಾಡು ಚೆನ್ನಾಗಿವೆ, ಒಪ್ಪುತ್ತೇನೆ. ನಾನು ಬಿ.ಎ. ಓದುವಾಗ ಕಾಲೇಜಿನಲ್ಲಿ ಎಲ್ಲರ ಕೈಯಲ್ಲೂ ಒಂದು ಗೈಡ್ ಇರುತ್ತಿತ್ತು. ಅದರಲ್ಲಿ ಕೊನೆಯ 18 ಅಧ್ಯಾಯಗಳಿಗೆ ಒಂದೂವರೆ ಪುಟ. ಪರೀಕ್ಷೆಗೆ ಅಷ್ಟೇ ಸಾಕು ಅನ್ನುತ್ತಿದ್ದರು ಕಾಲೇಜಿನ ಮೇಷ್ಟ್ರು. ಸಾಕಾಗಿತ್ತು ಕೂಡ, ಅಂಕ ಬರುತ್ತಿತ್ತು. ಈಗ ಮಕ್ಕಳಿಗೆ ಗೈಡೂ ಬೇಡ. ಫೋನಿನಲ್ಲಿ ಎರಡು ನಿಮಿಷದಲ್ಲಿ ಕಥೆ ಹೇಳಿ ಮುಗಿಸುವವರಿದ್ದಾರೆ. ಅದನ್ನು ಕೇಳಿದವರೇ ಐದಕ್ಕೆ ಎರಡು ನಕ್ಷತ್ರ ಕೊಟ್ಟು, ಪಾತ್ರಗಳು ಇಷ್ಟವಾಗಲಿಲ್ಲ ಎಂದು ಬರೆಯುತ್ತಾರೆ. ಪಾತ್ರಗಳು ಇಷ್ಟವಾಗಬೇಕು ಎನ್ನುವ ಈ ಹಠ ಎಲ್ಲಿಂದ ಬಂತು? ಮನೆಗೆ ಸೊಸೆ ತರಲು ಹೊರಟವರ ಹಾಗೆ ಕಾದಂಬರಿಯ ಜನರ ಗುಣಸ್ವಭಾವ ವಿಚಾರಿಸುತ್ತಾರೆ. ನಮ್ಮ ಪತ್ರಿಕೆಗೆ ಕಥೆ ಕಳಿಸುವ ಹೊಸಬರೂ ಇದೇ ಭಯದಲ್ಲಿ ಬರೆಯುತ್ತಿದ್ದಾರೆ. ಒಬ್ಬ ಕೆಟ್ಟವನನ್ನು ತಂದರೆ ಮೂರನೇ ಪುಟದಲ್ಲೇ ಅವನ ಕೈಯಲ್ಲಿ ಕ್ಷಮೆ ಕೇಳಿಸುತ್ತಾರೆ. ಓದುಗರು ಬೈಯುತ್ತಾರೆ ಸಾರ್ ಅಂತಾರೆ. ಬೈಯಲಿ ಬಿಡಿ, ಎಮಿಲಿಗೂ ಬೈದರು.

ಪಾಪ, ಅವಳಿಗೆ ಬದುಕಿದ್ದಾಗ ಸಿಕ್ಕಿದ್ದು ಏನು? 1846ರಲ್ಲಿ ಮೂವರು ಅಕ್ಕತಂಗಿಯರು ಸ್ವಂತ ಖರ್ಚಿನಲ್ಲಿ ಕವನಸಂಕಲನ ಅಚ್ಚು ಹಾಕಿಸಿದರು. ಮೊದಲ ವರ್ಷ ಮಾರಾಟವಾದದ್ದು ಎರಡು ಪ್ರತಿ. ಕಾದಂಬರಿಗೂ ಎಮಿಲಿ ಮತ್ತು ತಂಗಿ ಆನ್ ಇಬ್ಬರೂ ಸೇರಿ ಲಂಡನ್ನಿನ ಪ್ರಕಾಶಕ ನ್ಯೂಬಿಗೆ 50 ಪೌಂಡ್ ಕೊಡಬೇಕಾಯಿತು. ಗಂಡು ಹೆಸರಿನಲ್ಲಿ, ಎಲಿಸ್ ಬೆಲ್ ಎಂದು ಬರೆದಳು. ಷಾರ್ಲೆಟ್‌ಳ ‘ಜೇನ್ ಐರ್’ ಗೆದ್ದ ಮೇಲೆ ಇದೂ ಅದೇ ಕೈಯ ಬರಹ ಎಂದು ಜನ ಗೊಂದಲ ಮಾಡಿಕೊಂಡರು, ಪ್ರಕಾಶಕ ಆ ಗೊಂದಲವನ್ನೇ ಮಾರಿಕೊಂಡ.

ಕೊನೆಯದಾಗಿ, ಯಾವ ಪ್ರತಿ ಕೊಳ್ಳಬೇಕು ಎಂದು ಕೇಳಿದ್ದೀರಿ. 1847ರ ಮೂಲ ಪಾಠ ಇರುವುದನ್ನು ಕೊಳ್ಳಿ. 1850ರಲ್ಲಿ ಷಾರ್ಲೆಟ್ ತಂಗಿಯ ಪುಸ್ತಕವನ್ನು ತಿದ್ದಿ ಮರುಮುದ್ರಣ ಮಾಡಿಸಿದಾಗ, ಮನೆಯಾಳು ಜೋಸೆಫ್‌ನ ಒರಟು ಯಾರ್ಕ್‌ಶೈರ್ ಮಾತನ್ನು ದಕ್ಷಿಣದ ಓದುಗರಿಗೆ ತಿಳಿಯಲಿ ಎಂದು ಮೆತ್ತಗೆ ಮಾಡಿದಳು. ಪ್ರೀತಿಯಿಂದಲೇ ಮಾಡಿದಳು, ನನಗೆ ಮಾತ್ರ ಅದು ಹಿಡಿಸುವುದಿಲ್ಲ. ಕುಂದಾಪುರದ ಅಜ್ಜಿಯೂ ವಿಜಯಪುರದ ಗೌಡನೂ ಬೆಂಗಳೂರಿನವರ ಹಾಗೆ ಮಾತಾಡುವಂತೆ ತಿದ್ದುವ ಸಂಪಾದಕರು ನಮ್ಮಲ್ಲೂ ಇದ್ದಾರೆ. ಈ ಪತ್ರಿಕೆಯಲ್ಲಿ ಆ ಕೆಲಸ ನಡೆಯುವುದಿಲ್ಲ. ಜೋಸೆಫ್ ಅರ್ಥವಾಗದಿದ್ದರೆ ಗಟ್ಟಿಯಾಗಿ ಓದಿ, ಅರ್ಧ ತಿಳಿಯುತ್ತದೆ. ಉಳಿದರ್ಧಕ್ಕೆ ಹಿಂದೆ ಟಿಪ್ಪಣಿ ಇರುವ ಪ್ರತಿ ತೆಗೆದುಕೊಳ್ಳಿ. ಮುಂದೆ ವಂಶವೃಕ್ಷ ಇದ್ದರೆ ಇನ್ನೂ ಒಳ್ಳೆಯದು, ಇಬ್ಬರು ಕ್ಯಾಥರಿನ್, ಹಲವರು ಲಿಂಟನ್ ಎಂದು ತಲೆ ತಿರುಗುವುದಿಲ್ಲ. ಅಂಗಡಿಯಲ್ಲೇ ಕೊನೆಯ ಅಧ್ಯಾಯದ ಸಂಖ್ಯೆ ನೋಡಿ. 34 ಇರಬೇಕು. ಕೆಲವು ಪ್ರತಿಗಳಲ್ಲಿ ಮೊದಲ ಸಂಪುಟ 14, ಎರಡನೆಯದು 20 ಎಂದು ಬೇರೆ ಬೇರೆ ಎಣಿಸಿರುತ್ತಾರೆ, ಕೂಡಿಸಿ ನೋಡಿ. ಅದಕ್ಕಿಂತ ಕಡಿಮೆ ಇದ್ದರೆ ಸಂಕ್ಷಿಪ್ತ ಪ್ರತಿ, ಸುಮ್ನೆ ಅಲ್ಲೇ ಬಿಟ್ಟು ಬನ್ನಿ.

ಮುಂದಿನ ತಿಂಗಳು ಹೊಸ ಪುಸ್ತಕ ಬೇಡ. 17ರಿಂದ ಶುರು ಮಾಡಿ. 32ನೇ ಅಧ್ಯಾಯವನ್ನು ಮೇಷ್ಟ್ರ ಕೈಯಲ್ಲೇ ಓದಿಸಿ. ಎಷ್ಟೋ ಮಕ್ಕಳ ಕೈಹಿಡಿದು ಅಕ್ಷರ ತಿದ್ದಿಸಿದವರು ಅವರು, ಹೇರ್‌ಟನ್ ಅವರಿಗೆ ಅರ್ಥವಾಗುತ್ತಾನೆ. ಆಮೇಲೂ ಬೈಯಬೇಕು ಅನ್ನಿಸಿದರೆ ಅವರೇ ನನಗೆ ನೇರವಾಗಿ ಬರೆಯಲಿ. ಎಷ್ಟು ಉದ್ದದ ಪತ್ರವಾದರೂ ಪೂರ್ತಿ ಅಚ್ಚು ಹಾಕುತ್ತೇನೆ.

— ಸಂ.